ಕಾಗದದ ಮಿಲ್ಲಿಗೆ ಮೆಸೇಜ್ ಕ್ಯೂ ಯಾಕೆ ಬೇಕಾಯಿತು?

ಪ್ರಶ್ನೆ: ನಾನು ಶಿರಸಿಯವಳು. ಎಂಜಿನಿಯರಿಂಗ್ ಮುಗಿಸಿ ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿ ಸೇರಿದ್ದೇನೆ. ಮೊದಲ ಪ್ರಾಜೆಕ್ಟೇ ಒಂದು ಕಾಗದದ ಮಿಲ್ಲಿನದು. ಅಲ್ಲಿ ಹಳೇ ಐಬಿಎಂ ಎಂಕ್ಯೂ ಇದೆ, ಅಂದರೆ ಒಂದು ಪ್ರೋಗ್ರಾಂ ಕಳಿಸಿದ ಮೆಸೇಜನ್ನು ಇನ್ನೊಂದಕ್ಕೆ ಮುಟ್ಟಿಸುವ ಸಾಫ್ಟ್‌ವೇರ್. ಅದನ್ನು ತೆಗೆದು ಕಾಫ್ಕಾ ಎಂಬ ಇನ್ನೊಂದು ಮೆಸೇಜಿಂಗ್ ಸಾಫ್ಟ್‌ವೇರ್ ಹಾಕುವ ಮಾತು ನಡೆಯುತ್ತಿದೆ. ನನಗೆ ಬುಡವೇ ಅರ್ಥವಾಗಿಲ್ಲ. ಎಲ್ಲ ಮಾಹಿತಿ ಡೇಟಾಬೇಸಿನಲ್ಲೇ ಇರುವಾಗ ನಡುವೆ ಈ ಮೆಸೇಜಿಂಗ್ ಯಾಕೆ? ಕಾಗದದವರಿಗೆ ಇದು ಯಾವಾಗಿನಿಂದ ಬೇಕಾಯಿತು? ಎಂಕ್ಯೂ ತೆಗೆಯುವುದು ಸರಿಯಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಮೊದಲು ಯಂತ್ರದ ಹತ್ತಿರ ಹೋಗೋಣ.

ಒಂದು ಲೆಕ್ಕ ಹಾಕಿ. ಐದು ಮೀಟರ್ ಅಗಲದ ಪೇಪರ್ ಮೆಷಿನ್. ನಿಮಿಷಕ್ಕೆ 1000 ಮೀಟರ್ ವೇಗ. ಓಡುತ್ತಿರುವುದು 60 ಜಿಎಸ್‌ಎಂ ಕಾಗದ, ಅಂದರೆ ಚದರ ಮೀಟರಿಗೆ 60 ಗ್ರಾಂ. ನಿಮಿಷಕ್ಕೆ 5000 ಚದರ ಮೀಟರ್ ಆಯಿತು, ತೂಕದಲ್ಲಿ 300 ಕಿಲೋ. ಆಫೀಸಿನ ಸರ್ವರ್ ಹತ್ತು ನಿಮಿಷ ಕೈಕೊಟ್ಟರೆ ಅಷ್ಟರಲ್ಲಿ 3 ಟನ್ ಕಾಗದ ಸುತ್ತಿ ಆಗಿರುತ್ತದೆ. ಸರ್ವರ್ ಎದ್ದ ಮೇಲೆ ಮುಂದುವರಿಸೋಣ ಅಂತ ಮೆಷಿನ್ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಹಾಳೆಯನ್ನು ಮತ್ತೆ ಮೊದಲಿನಿಂದ ಎಳೆದು ಕೊನೆಯ ರೀಲಿನ ತನಕ ದಾಟಿಸಬೇಕು. ತೂಕ, ತೇವ ಹದಕ್ಕೆ ಬರುವವರೆಗೆ ಬಂದದ್ದೆಲ್ಲ ಬ್ರೋಕ್, ಅಂದರೆ ರದ್ದಿ. ಅದು ಮತ್ತೆ ಅರೆದು ತಿರುಳು ಮಾಡುವ ಪಲ್ಪರ್‌ಗೇ ಹೋಗಬೇಕು.

ಹಾಗೆ ಸುತ್ತಿದ ಜಂಬೋ ರೀಲ್ ರಿವೈಂಡರ್‌ಗೆ ಬರುತ್ತದೆ. ಅಲ್ಲಿ ಅದನ್ನು ಗ್ರಾಹಕರು ಕೇಳಿದ ಅಗಲಕ್ಕೆ ಸೀಳಿ ಸಣ್ಣ ರೀಲುಗಳನ್ನು ಮಾಡುತ್ತಾರೆ. ಪ್ರತಿ ರೀಲಿಗೂ ಒಂದು ನಂಬರ್, ಒಂದು ತೂಕ, ಒಂದು ಲೇಬಲ್. ಈ ರಿವೈಂಡರ್ ಪಕ್ಕದ ಕಂಪ್ಯೂಟರ್ ನೇರವಾಗಿ ಆಫೀಸಿನ ಡೇಟಾಬೇಸಿಗೆ ಬರೆಯುತ್ತದೆ ಅಂತಿಟ್ಟುಕೊಳ್ಳಿ. ಡೇಟಾಬೇಸ್ ಸಿಗದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಲೇಬಲ್ ಬರುವುದಿಲ್ಲ. ಲೇಬಲ್ ಇಲ್ಲದ ರೀಲ್ ಕಾಟಾದ ಮೇಲೆ ಕೂತಿದೆ, ಹಿಂದೆ ಇನ್ನೊಂದು ಸೆಟ್ ಬಂದು ನಿಂತಿದೆ. ಆಪರೇಟರ್ ಏನು ಮಾಡುತ್ತಾನೆ? ಸೀಮೆಸುಣ್ಣದಲ್ಲಿ ನಂಬರ್ ಗೀಚಿ ಗೋಡೌನಿಗೆ ತಳ್ಳುತ್ತಾನೆ. ಅವನ ತಪ್ಪೇನೂ ಇಲ್ಲ. ಆದರೆ ಅಲ್ಲಿಂದ ಮುಂದೆ ಪುಸ್ತಕದ ಲೆಕ್ಕ ಒಂದು, ನೆಲದ ಮೇಲಿನ ಲೆಕ್ಕ ಇನ್ನೊಂದು.

ನಮ್ಮ ಕಡೆ ಘಟ್ಟದ ಕ್ರಾಸುಗಳಲ್ಲಿ ಒಂದು ಅಂಗಡಿ ಇರುತ್ತದಲ್ಲ? ಪೇಟೆಯಿಂದ ಬಸ್ಸಿನಲ್ಲಿ ಕೊಟ್ಟು ಕಳಿಸಿದ ಔಷಧಿ ಪೊಟ್ಟಣ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲವನ್ನೂ ಕಂಡಕ್ಟರ್ ಅಲ್ಲಿ ಇಳಿಸಿ ಹೋಗುತ್ತಾನೆ. ಒಳಗಿನ ಮನೆಯವರು ಪುರಸೊತ್ತಾದಾಗ ಬಂದು ಒಯ್ಯುತ್ತಾರೆ. ಬಸ್ಸು ಕಾಯಬೇಕಿಲ್ಲ, ಮನೆಯವರು ರಸ್ತೆಗೆ ಬಂದು ನಿಲ್ಲಬೇಕಿಲ್ಲ. ಮೆಸೇಜ್ ಕ್ಯೂ ಮಾಡುವುದು ಆ ಅಂಗಡಿಯ ಕೆಲಸ. ಆದರೆ ಇಲ್ಲಿ ಶಿಸ್ತು ಜಾಸ್ತಿ. ಬಂದದ್ದನ್ನು ಮೊದಲು ಡಿಸ್ಕಿಗೆ ಬರೆದುಕೊಂಡು ಆಮೇಲಷ್ಟೇ 'ತಲುಪಿತು' ಅನ್ನುತ್ತದೆ. ತೆಗೆದುಕೊಂಡವರು 'ಸಿಕ್ಕಿತು' ಅಂದ ಮೇಲೆಯೇ ಅಳಿಸುತ್ತದೆ. ನಡುವೆ ಕರೆಂಟ್ ಹೋದರೂ ಮೆಸೇಜ್ ಕಳೆಯುವುದಿಲ್ಲ.

ಕಾಗದದವರಿಗೆ ಇದು ಬೇರೆ ಉದ್ಯಮಗಳಿಗಿಂತ ಜಾಸ್ತಿ ಬೇಕಾದದ್ದಕ್ಕೆ ಇನ್ನೊಂದು ಕಾರಣ ಭೂಗೋಳ. ದಾಂಡೇಲಿಯನ್ನೇ ನೋಡಿ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಶುರುವಾದದ್ದು 1955ರಲ್ಲಿ. ಮಿಲ್ಲು ಇಲ್ಲಿ ಕಾಳಿಯ ದಂಡೆಯಲ್ಲಿ, ಕಾರ್ಪೊರೇಟ್ ಆಫೀಸು ಅಲ್ಲೆಲ್ಲೋ ಕೋಲ್ಕತ್ತಾದಲ್ಲಿ. ಬಿದಿರು, ಮರ, ನೀರು ಇರುವಲ್ಲಿ ಮಿಲ್ಲು. ವ್ಯಾಪಾರ ಇರುವಲ್ಲಿ ಆಫೀಸು. ಸ್ವೀಡನ್, ಫಿನ್ಲೆಂಡ್, ಕೆನಡಾದಲ್ಲೂ ಇದೇ ಕತೆ. ಬ್ಯಾಂಕಿನ ಕಂಪ್ಯೂಟರ್ ದೊಡ್ಡ ಊರಿನಲ್ಲಿ, ಒಳ್ಳೆಯ ಟೆಲಿಫೋನ್ ಲೈನಿನ ತುದಿಯಲ್ಲಿ ಇರುತ್ತದೆ. ಕಾಗದದ ಮಿಲ್ಲಿನ ಕಂಪ್ಯೂಟರ್ ಇರುವುದು ಕಾಡಿನ ಅಂಚಿನಲ್ಲಿ. ಮಳೆಗಾಲದಲ್ಲಿ ಘಟ್ಟದ ಮೇಲೆ ಲೈನ್ ಹೋಗುವುದು ನಿಮಗೂ ನನಗೂ ಹೊಸದಲ್ಲ. ಲೈನ್ ಹೋಗುತ್ತದೆ ಅಂತಲೇ ಎಣಿಸಿ ಕಟ್ಟಿದ ವ್ಯವಸ್ಥೆ ಅಲ್ಲಿ ಬೇಕು.

ಈಗ ಇತಿಹಾಸ.

ಕಂಪ್ಯೂಟರನ್ನು ಕಾರ್ಖಾನೆಯೊಳಗೆ ಮೊದಮೊದಲು ಬಿಟ್ಟುಕೊಂಡವರಲ್ಲಿ ಕಾಗದದವರೂ ಇದ್ದಾರೆ. 1960ರ ದಶಕದಲ್ಲಿ ಸ್ವೀಡನ್ನಿನ ಬಿಲ್ಲೆರುಡ್ ಕಂಪನಿಯ ಗ್ರೂವೋನ್ ಮಿಲ್ಲಿನಲ್ಲಿ ಐಬಿಎಂ 1720 ಎಂಬ ಕಂಪ್ಯೂಟರ್ ಇಟ್ಟು ಪೇಪರ್ ಮೆಷಿನ್ ನಿಯಂತ್ರಿಸಿದರು. ಕಾರ್ಲ್ ಯೋಹಾನ್ ಓಸ್ಟ್ರೋಮ್ ಆಗ ಐಬಿಎಂನ ನಾರ್ಡಿಕ್ ಲ್ಯಾಬಿನಲ್ಲಿದ್ದರು. ಕಾಗದದ ತೂಕ, ತೇವದ ಏರಿಳಿತವನ್ನು ಆದಷ್ಟು ಕಡಿಮೆ ಮಾಡುವ ಲೆಕ್ಕವನ್ನು ಅಲ್ಲೇ ಪಳಗಿಸಿ 1967ರಲ್ಲಿ ಪ್ರಕಟಿಸಿದರು. ಕಂಟ್ರೋಲ್ ಎಂಜಿನಿಯರಿಂಗ್ ಓದಿದವರು ಈಗಲೂ ಅದನ್ನು ಓದುತ್ತಾರೆ. ಆಗ ಕಂಪ್ಯೂಟರ್ ಎಷ್ಟು ದುಬಾರಿ ಅಂದರೆ ಒಂದರಿಂದಲೇ ಎಲ್ಲ ಕೆಲಸ ತೆಗೆಯಬೇಕು. ಉತ್ಪಾದನೆಯ ಯೋಜನೆಯೂ ಅದರದ್ದೇ, ಮೆಷಿನ್ನಿನ ನಿಯಂತ್ರಣವೂ ಅದರದ್ದೇ. ಇರುವುದೇ ಒಂದು ಕಂಪ್ಯೂಟರ್, ಅದು ಯಾರ ಜೊತೆ ಮಾತಾಡಬೇಕು?

ಇದೇ ಹೊತ್ತಿಗೆ, 1961ರಲ್ಲಿ, ಐಬಿಎಂನ ಗಿಲ್ಮೋರ್ ಮತ್ತು ಗೊಮೊರಿ ಎಂಬ ಇಬ್ಬರು ಜಂಬೋ ರೀಲನ್ನು ಹೇಗೆ ಸೀಳಿದರೆ ಅಂಚಿನ ಚೂರು ಕಡಿಮೆ ಹೋಗುತ್ತದೆ ಅನ್ನುವಂಥ ಲೆಕ್ಕಕ್ಕೆ ಒಂದು ಉಪಾಯ ಕಂಡುಹಿಡಿದರು. ಮಿಲ್ಲಿನವರು ಡೆಕಲ್ ಮ್ಯಾಚಿಂಗ್ ಅನ್ನುವುದು ಇದಕ್ಕೇ. ಇದನ್ನು ಇಲ್ಲಿ ತಂದದ್ದು ಸುಮ್ನೆ ಅಲ್ಲ. ಹೊಸಬರು ಮೆಸೇಜ್ ಅಂದ ಕೂಡಲೇ ಮೆಷಿನ್‌ನಿಂದ ಆಫೀಸಿಗೆ ಹೋಗುವ ಮಾಹಿತಿ ಮಾತ್ರ ಅಂದುಕೊಳ್ಳುತ್ತಾರೆ. ಆದರೆ ಮೇಲಿನಿಂದ ಕೆಳಕ್ಕೂ ಹೋಗಬೇಕು. 'ಈ ಜಂಬೋವನ್ನು ಈ ಅಗಲಗಳಿಗೆ ಸೀಳು, ಈ ರೀಲ್ ಈ ಆರ್ಡರಿಗೆ' ಎಂಬ ಆಜ್ಞೆ ರಿವೈಂಡರ್‌ಗೆ ತಲುಪಬೇಕು. ತಲುಪದಿದ್ದರೆ ಸಮಸ್ಯೆ. ಎರಡು ಸಲ ತಲುಪಿದರೆ ಇನ್ನೂ ದೊಡ್ಡ ಸಮಸ್ಯೆ.

1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೆಷರೆಕ್ಸ್ ಎಂಬ ಕಂಪನಿ ಹುಟ್ಟಿತು. ಓಡುವ ಹಾಳೆಯ ಮೇಲೆ ಆಚೆ ಈಚೆ ಸರಿಯುತ್ತ ಅಳೆಯುವ ಸ್ಕ್ಯಾನರ್, ಅದರ ಜೊತೆ ಒಂದು ಮಿನಿ ಕಂಪ್ಯೂಟರ್. ಹಾಳೆಯ ತೂಕ ಅಳೆಯಲು ಕ್ರಿಪ್ಟಾನ್-85 ಅಥವಾ ಪ್ರೊಮೀಥಿಯಂ-147ರ ಬೀಟಾ ಕಿರಣ, ತೇವಕ್ಕೆ ಇನ್‌ಫ್ರಾರೆಡ್. ಆ ಕಂಪನಿ 1997ರಲ್ಲಿ ಹನಿವೆಲ್ ಪಾಲಾಯಿತು. 1975ರಲ್ಲಿ ಹನಿವೆಲ್ಲಿನ ಟಿಡಿಸಿ 2000, ಯೊಕೊಗಾವಾದ ಸೆಂಟಮ್ ಎಂಬ ಡಿಸಿಎಸ್‌ಗಳು, ಅಂದರೆ ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆಗಳು, ಬಂದವು. ಹೀಗೆ ಮರ ಬೇಯಿಸುವ ಡೈಜೆಸ್ಟರ್‌ಗೆ ಒಂದು ಕಂಪ್ಯೂಟರ್, ಮೆಷಿನ್‌ಗೆ ಒಂದು, ಬಾಯ್ಲರ್‌ಗೆ ಇನ್ನೊಂದು. ಪ್ರತಿಯೊಂದೂ ಬೇರೆ ಕಂಪನಿಯದ್ದು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅವುಗಳ ನಡುವೆ ಓಡಾಡಿದ್ದು ಶಿಫ್ಟ್ ಲಾಗ್ ಬುಕ್ಕು ಮತ್ತು ಕಾರ್ಬನ್ ಹಾಳೆ. ರಾತ್ರಿ ಪಾಳಿಯ ಉತ್ಪಾದನೆ ಎಷ್ಟು ಅಂತ ಬೆಳಿಗ್ಗೆ ಯಾರೋ ಕೂತು ಆಫೀಸಿನ ಕಂಪ್ಯೂಟರಿಗೆ ಟೈಪ್ ಮಾಡುತ್ತಿದ್ದರು. ನಮ್ಮ ದೇಶದ ಎಷ್ಟೋ ಮಿಲ್ಲುಗಳಲ್ಲಿ ಇದು ಬಹಳ ವರ್ಷ ಹೀಗೇ ನಡೆಯಿತು.

ಪ್ರೋಗ್ರಾಮುಗಳ ನಡುವೆ ಕ್ಯೂ ಎಂಬ ಕಲ್ಪನೆ ಕಾರ್ಖಾನೆಗೆ ಬಂದದ್ದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವ್ಯಾಕ್ಸ್ ಯಂತ್ರಗಳ ಕಾಲದಲ್ಲಿ. ಡೆಕ್ ಮೆಸೇಜ್‌ಕ್ಯೂ ಅಂತ ಒಂದು ಸರಕು ಇತ್ತು. ಕಳಿಸಿದ್ದನ್ನು ಡಿಸ್ಕಿನಲ್ಲಿಟ್ಟುಕೊಂಡು, ಆಚೆ ಕಡೆ ಎದ್ದಾಗ ಮುಟ್ಟಿಸುವ ಸೌಲಭ್ಯ ಅದರಲ್ಲಿತ್ತು. 1997ರಲ್ಲಿ ಅದನ್ನು ಬಿಇಎ ಕೊಂಡಿತು, 2008ರಲ್ಲಿ ಬಿಇಎಯನ್ನು ಒರಾಕಲ್ ನುಂಗಿತು. ಇದೇ 80ರ ದಶಕದಲ್ಲಿ ವಿವೇಕ್ ರಣದಿವೆ ಅಮೆರಿಕದ ಷೇರುಪೇಟೆಯ ಕಂಪನಿಗಳಿಗೆ 'ಇನ್ಫರ್ಮೇಶನ್ ಬಸ್' ಕಟ್ಟಿದರು. ಬೆಲೆ ಬದಲಾದ ಕೂಡಲೇ ಕೇಳಿದವರಿಗೆಲ್ಲ ಒಂದೇ ಸಲ ಸುದ್ದಿ. ಟಿಬ್ಕೋ ಬೆಳೆದದ್ದು ಅಲ್ಲಿಂದ. ಕಾಗದದ ಮಿಲ್ಲಿಗೆ ಆ ರೀತಿಯ ಅವಸರ ಇರಲಿಲ್ಲ. ಸುದ್ದಿ ಎರಡು ನಿಮಿಷ ತಡವಾದರೆ ಏನೂ ಆಗುವುದಿಲ್ಲ, ಕಳೆದುಹೋಗಬಾರದು ಅಷ್ಟೇ.

1993ರ ಕೊನೆಗೆ ಐಬಿಎಂ ಎಂಕ್ಯೂ ಸೀರೀಸ್ ಬಂತು. ಇದಕ್ಕೆ ಸಿಸ್ಟಮ್ಸ್ ಸ್ಟ್ರಾಟಜೀಸ್ ಎಂಬ ಚಿಕ್ಕ ಕಂಪನಿಯ ಈಝಿಬ್ರಿಜ್ ಎಂಬ ಸಾಫ್ಟ್‌ವೇರಿನ ಕೋಡನ್ನೂ ಐಬಿಎಂ ಪಡೆದುಕೊಂಡಿತ್ತು. 2002ರಲ್ಲಿ ಅದರ ಹೆಸರು ವೆಬ್‌ಸ್ಫಿಯರ್ ಎಂಕ್ಯೂ ಆಯಿತು, 2014ರಲ್ಲಿ ಮತ್ತೆ ಐಬಿಎಂ ಎಂಕ್ಯೂ. ನಿಮ್ಮ ಹಿರಿಯರು ಮೂರೂ ಹೆಸರು ಬಳಸಿದರೆ ಗಾಬರಿಯಾಗಬೇಡಿ, ಎಲ್ಲ ಒಂದೇ.

ಇದನ್ನು ಬ್ಯಾಂಕಿನವರು ಹೆಚ್ಚು ಬಳಸಿದರು ನಿಜ. ಆದರೆ ಕಾಗದದ ಕಂಪನಿಗೆ ಹೇಳಿ ಮಾಡಿಸಿದ ಹಾಗಿತ್ತು. ಹೆಡ್ ಆಫೀಸಿನಲ್ಲಿ ಮೇನ್‌ಫ್ರೇಮ್ ಅಥವಾ ಎಎಸ್/400, ಮಿಲ್ಲಿನಲ್ಲಿ ವ್ಯಾಕ್ಸ್ ಅಥವಾ ಯುನಿಕ್ಸ್, ರಿವೈಂಡರ್ ಪಕ್ಕ ಪಿಸಿ. ಇವೆಲ್ಲದರ ಮೇಲೂ ಒಂದೇ ಎಂಕ್ಯೂ ಓಡುತ್ತಿತ್ತು. ಅದು ಕೊಟ್ಟ ದೊಡ್ಡ ಮಾತು ಎಂದರೆ, ಮೆಸೇಜ್ ಒಂದೇ ಸಲ ತಲುಪುತ್ತದೆ, ಖಂಡಿತ ತಲುಪುತ್ತದೆ. ಇನ್ನೊಂದು ಸೌಲಭ್ಯವನ್ನು ಜನ ಅಷ್ಟು ಹೊಗಳುವುದಿಲ್ಲ, ನನಗೆ ಅದೇ ಮುಖ್ಯ. ರೀಲಿನ ದಾಖಲೆಯನ್ನು ಸ್ಥಳೀಯ ಡೇಟಾಬೇಸಿಗೆ ಬರೆಯುವುದು ಮತ್ತು ಮೆಸೇಜನ್ನು ಕ್ಯೂಗೆ ಹಾಕುವುದು, ಇವೆರಡನ್ನೂ ಒಂದೇ ಗಂಟಾಗಿ ಕಟ್ಟಬಹುದಿತ್ತು. ಆಗುವುದಾದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಆಗುವುದಿಲ್ಲ. ರೀಲ್ ದಾಖಲಾಗಿದೆ ಆದರೆ ಆಫೀಸಿಗೆ ಸುದ್ದಿ ಹೋಗಿಲ್ಲ ಎಂಬ ನಡುವಿನ ಸ್ಥಿತಿಯೇ ಇಲ್ಲ.

ಇದಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಬೇಡ, ಒಂದು ಮಿಲ್ಲು. ಕ್ಯೂ ದುಬಾರಿ ಅಂತ ಹೇಳಿ ಅವರು ಫೈಲ್ ಕಳಿಸುವ ಪದ್ಧತಿ ಇಟ್ಟುಕೊಂಡಿದ್ದರು. ರಿವೈಂಡರ್ ಪಿಸಿ ಒಂದು ಫೋಲ್ಡರಿನಲ್ಲಿ ಟೆಕ್ಸ್ಟ್ ಫೈಲ್ ಹಾಕುವುದು, ಆಫೀಸಿನ ಪ್ರೋಗ್ರಾಂ ಆಗಾಗ ಬಂದು ಓದುವುದು. ಒಂದು ಮಳೆಯ ರಾತ್ರಿ ಫೈಲ್ ಹೋಗುತ್ತಿರುವಾಗಲೇ ಲೈನ್ ಹೋಯಿತು. ಲೈನ್ ಬಂದ ಮೇಲೆ ಆಪರೇಟರ್ ಮತ್ತೆ ಕಳಿಸಿದ. ಹೋಯಿತೋ ಇಲ್ಲವೋ ಅವನಿಗೆ ಹೇಳುವವರಿಲ್ಲ, ಇನ್ನೊಮ್ಮೆ ಕಳಿಸಿದ. ಆಫೀಸಿನ ಲೆಕ್ಕದಲ್ಲಿ ಅವೇ ರೀಲುಗಳು ಎರಡೆರಡು ಸಲ ಕೂತವು. ಮಾರಾಟದವರು ಇಲ್ಲದ ರೀಲುಗಳಿಗೆ ಲಾರಿ ಕರೆಸಿದರು. ಕೊನೆಗೆ ಇಡೀ ಗೋಡೌನಿನ ರೀಲುಗಳನ್ನು ಕೈಯಲ್ಲಿ ಎಣಿಸಬೇಕಾಯಿತು. ಫೈಲ್ ಕಳಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ತಲುಪಿದ ಗುರುತು ಮತ್ತು ಎರಡನೆಯ ಪ್ರತಿಯನ್ನು ಗುರುತಿಸಿ ಬಿಡುವ ಬುದ್ಧಿ, ಇವೆರಡನ್ನೂ ಅವರು ಬರೆಯಲೇ ಇಲ್ಲ. ಅವನ್ನು ಬರೆಯಲು ಹೊರಟರೆ ಅರ್ಧ ಎಂಕ್ಯೂವನ್ನೇ ಬರೆದ ಹಾಗಾಗುತ್ತದೆ.

ಇಲ್ಲಿ ಒಂದು ಎಚ್ಚರ. ಕ್ಯೂ 'ಒಂದೇ ಸಲ' ಅಂದರೆ ಅದು ಕ್ಯೂನ ಒಳಗಿನ ಮಾತು. ಆಪರೇಟರ್ ಬಟನ್ ಎರಡು ಸಲ ಒತ್ತಿದರೆ ಎರಡು ಮೆಸೇಜ್ ಹುಟ್ಟುತ್ತವೆ, ಎರಡನ್ನೂ ಎಂಕ್ಯೂ ನಿಷ್ಠೆಯಿಂದ ಮುಟ್ಟಿಸುತ್ತದೆ. ಆದ್ದರಿಂದ ತೆಗೆದುಕೊಳ್ಳುವ ಪ್ರೋಗ್ರಾಂ ರೀಲ್ ನಂಬರ್ ನೋಡಿ 'ಇದು ಬಂದಾಗಿದೆ' ಅಂತ ಬಿಡಲು ಕಲಿತಿರಬೇಕು. ಆ ನಂಬರನ್ನು ಕೊಡುವ ಅಧಿಕಾರವೂ ಆಫೀಸಿನಲ್ಲಿರಬಾರದು, ರಿವೈಂಡರ್ ಹತ್ತಿರವೇ ಇರಬೇಕು. ಆಗಷ್ಟೇ ಲೈನ್ ಇಲ್ಲದಾಗಲೂ ಲೇಬಲ್ ಬರುತ್ತದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಇದನ್ನು ಮೊದಲು ನೋಡಿ.

ಮೆಷಿನ್ ಕಡೆಯ ಕತೆಯನ್ನು ಬೇಗ ಮುಗಿಸುತ್ತೇನೆ. 1996ರಲ್ಲಿ ಓಪಿಸಿ ಬಂತು. ಡಿಸಿಎಸ್ ಮತ್ತು ಪಿಎಲ್‌ಸಿ ಎಂಬ ಯಂತ್ರ ನಿಯಂತ್ರಿಸುವ ಸಣ್ಣ ಕಂಪ್ಯೂಟರುಗಳ ಅಂಕಿಗಳನ್ನು ವಿಂಡೋಸ್ ಪ್ರೋಗ್ರಾಮುಗಳು ಓದಲು ಒಂದು ಸಾಮಾನ್ಯ ದಾರಿ ಆಯಿತು. ಮೈಕ್ರೋಸಾಫ್ಟಿನ ಡಿಕಾಮ್ ಎಂಬ ತಂತ್ರದ ಮೇಲೆ ನಿಂತಿದ್ದರಿಂದ ಫೈರ್‌ವಾಲ್ ದಾಟಿಸುವುದು ದೊಡ್ಡ ತಲೆನೋವಾಗಿತ್ತು. ಅದರ ಹೊಸ ರೂಪ ಓಪಿಸಿ ಯುಎ ಆ ಗೋಳು ಕಳೆಯಿತು. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಣ್ಣೆ ಪೈಪ್‌ಲೈನಿನ ಮಾಹಿತಿಯನ್ನು ಸ್ಯಾಟಲೈಟ್ ಮೂಲಕ ಕಡಿಮೆ ಖರ್ಚಿನಲ್ಲಿ ತರಲು ಎಂಕ್ಯೂಟಿಟಿ ಎಂಬ ಮೆಸೇಜಿಂಗ್ ಪದ್ಧತಿ ಮಾಡಿದರು. ಸಪೂರ ಲೈನಿಗೆ ಅಂತಲೇ ಹುಟ್ಟಿದ್ದರಿಂದ ಈಗ ಮಿಲ್ಲಿನ ಸೆನ್ಸರುಗಳಿಗೂ ಚೆನ್ನಾಗಿ ಒಗ್ಗುತ್ತದೆ.

ಇನ್ನು ಮಿಲ್ಲಿನ ಗೇಟಿನಿಂದ ಹೊರಗೆ. ನನಗೆ ಇತಿಹಾಸದಲ್ಲಿ ಅತಿ ರುಚಿಯ ಭಾಗ ಇದೇ.

ಕಂಪನಿಯಿಂದ ಕಂಪನಿಗೆ ಆರ್ಡರ್, ಇನ್‌ವಾಯ್ಸ್ ಕಳಿಸಲು ಮೊದಲು ಇದ್ದದ್ದು ಇಡಿಐ. ಅದಕ್ಕೆ ಮಾನದಂಡ ಮಾಡಲು ಅಮೆರಿಕದಲ್ಲಿ 1979ರಲ್ಲಿ ಎಕ್ಸ್12 ಸಮಿತಿ ಶುರುವಾಯಿತು. 1987ರಲ್ಲಿ ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಎಂಬ ಮಾನದಂಡ ಬಂತು. ಗಟ್ಟಿ ಪದ್ಧತಿಗಳೇ, ಆದರೆ ನಡುವಿನ ನೆಟ್‌ವರ್ಕ್ ಕಂಪನಿಗೆ ದುಡ್ಡು ಸುರಿಯಬೇಕು. ದೊಡ್ಡವರಿಗೆ ಮಾತ್ರ ತಾಳುತ್ತಿತ್ತು.

1998ರಲ್ಲಿ ಎಕ್ಸ್‌ಎಂಎಲ್ ಬಂತು, ಪ್ರತಿ ಮಾಹಿತಿಗೂ ಹೆಸರಿನ ಚೀಟಿ ಅಂಟಿಸಿ ಬರೆಯುವ ರೀತಿ. ಆಗ ಇಂಟರ್ನೆಟ್ ಹುಚ್ಚಿನ ಕಾಲ. ಎಲ್ಲ ವಸ್ತುವಿಗೂ ಆನ್‌ಲೈನ್ ಸಂತೆ. ಕಾಗದಕ್ಕೂ ಆಯಿತು. 2000ದಲ್ಲಿ ಇಂಟರ್‌ನ್ಯಾಶನಲ್ ಪೇಪರ್, ಜಾರ್ಜಿಯಾ-ಪೆಸಿಫಿಕ್, ವೇಯರ್‌ಹೌಸರ್ ಎಂಬ ಅಮೆರಿಕದ ಮೂರು ದೈತ್ಯರು ಸೇರಿ ಫಾರೆಸ್ಟ್‌ಎಕ್ಸ್‌ಪ್ರೆಸ್ ಎಂಬ ಕಂಪನಿ ತೆರೆದರು. ಕಾಗದ, ಪಲ್ಪ್, ಮರ ಎಲ್ಲ ಅಲ್ಲೇ ಮಾರಾಟವಾಗಲಿ ಎಂಬ ಆಸೆ. ಸಂತೆ ನೆರೆಯಲಿಲ್ಲ. ಯಾಕೆ ನೆರೆಯಬೇಕು ಹೇಳಿ? ಕಾಗದ ಕೊಳ್ಳುವ ಮುದ್ರಕನಿಗೆ ಅಪರಿಚಿತನ ಅಗ್ಗದ ರೀಲ್ ಬೇಡ. ತನ್ನ ಪ್ರೆಸ್ಸಿನಲ್ಲಿ ಹರಿಯದೆ ಓಡುತ್ತದೆ ಅಂತ ಗೊತ್ತಿರುವ ಮಿಲ್ಲಿನ ರೀಲೇ ಬೇಕು. ವ್ಯಾಪಾರ ಹಳೇ ಜೋಡಿಗಳ ನಡುವೆಯೇ ನಡೆಯುತ್ತದೆ. ಅವರಿಗೆ ಬೇಕಾದದ್ದು ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರ ಕಂಪ್ಯೂಟರಿಗೆ ಮಾಹಿತಿ ಸರಾಗ ಹೋಗುವ ದಾರಿ. ಫಾರೆಸ್ಟ್‌ಎಕ್ಸ್‌ಪ್ರೆಸ್ ಆ ಕಡೆಗೇ ಹೊರಳಿತು. ಮುಂದೆ ಲಿಯಾಸನ್ ಟೆಕ್ನಾಲಜೀಸ್ ಅಂತ ಹೆಸರು ಬದಲಿಸಿಕೊಂಡು ಬೇರೆ ಉದ್ಯಮಗಳಿಗೂ ಮಾಹಿತಿ ಜೋಡಣೆಯ ಕೆಲಸ ಮಾಡಿಕೊಟ್ಟಿತು. 2018ರಲ್ಲಿ ಓಪನ್‌ಟೆಕ್ಸ್ಟ್ ಅದನ್ನು ಕೊಂಡಿತು. ಅಂತೂ ಕಾಗದ ಮಾರಲು ಹೊರಟವರು ಕಡೆಗೆ ಮೆಸೇಜಿಂಗ್ ಕಂಪನಿಯಾದರು!

ಅದೇ ಹೊತ್ತಿಗೆ ಯುರೋಪಿನ ಕಾಗದ ಕಂಪನಿಗಳೂ ಅವರ ದೊಡ್ಡ ಗ್ರಾಹಕರಾದ ಮುದ್ರಕರು, ಪ್ರಕಾಶಕರೂ ಸೇರಿ ಪೇಪಿನೆಟ್ ಎಂಬ ಎಕ್ಸ್‌ಎಂಎಲ್ ಮಾನದಂಡ ಕಟ್ಟಿದರು. ಉತ್ತರ ಅಮೆರಿಕದವರೂ ಬಂದು ಸೇರಿದರು. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಮೆಸೇಜ್ ಸಾಗಿಸಲು ಹೊಸ ವಾಹನ ಕಂಡುಹಿಡಿಯುವ ಗೋಜಿಗೆ ಅವರು ಹೋಗಲಿಲ್ಲ. ಆಗಷ್ಟೇ ವಿಶ್ವಸಂಸ್ಥೆ ಮತ್ತು ಓಯಾಸಿಸ್ ಎಂಬ ಮಾನದಂಡ ಸಂಸ್ಥೆ ಸೇರಿ ಮಾಡಿದ್ದ ಇಬಿಎಕ್ಸ್‌ಎಂಎಲ್ ಇತ್ತು. ಪ್ರತಿ ಮೆಸೇಜಿಗೂ ಗುರುತು ಸಂಖ್ಯೆ, ತಲುಪಿದ ರಸೀದಿ, ಎರಡನೆಯ ಪ್ರತಿ ಬಂದರೆ ಬಿಡುವುದು, ಎಲ್ಲ ಅದರಲ್ಲಿತ್ತು. ಅದನ್ನೇ ತೆಗೆದುಕೊಂಡರು. ಅವರು ತಲೆ ಕೆಡಿಸಿಕೊಂಡದ್ದು ಒಳಗಿನ ಅರ್ಥದ ಬಗ್ಗೆ.

ಅರ್ಥ ಅಂದರೆ ಏನು? 'ರೀಲಿನ ತೂಕ 812 ಕಿಲೋ' ಅಂತ ಒಂದು ಮೆಸೇಜ್ ಬಂತು ಅನ್ನಿ. ಈ ತೂಕದಲ್ಲಿ ನಡುವಿನ ಕೋರ್ ಸೇರಿದೆಯೋ ಇಲ್ಲವೋ? ಮೇಲಿನ ಸುತ್ತುಕಾಗದ? 60 ಜಿಎಸ್‌ಎಂ ಅಂದರೆ ಆರ್ಡರಿನಲ್ಲಿ ಕೇಳಿದ್ದೋ, ಸ್ಕ್ಯಾನರ್ ಅಳೆದದ್ದೋ? ಅಗಲ ಮಿಲಿಮೀಟರಿನಲ್ಲೋ ಇಂಚಿನಲ್ಲೋ? ಗ್ರಾಹಕ 100 ಟನ್ ಕೇಳಿ 102 ಟನ್ ಹೋದರೆ ಅದು ಒಪ್ಪಂದದೊಳಗೋ ಹೊರಗೋ? ಪೈಪ್ ಎಷ್ಟೇ ಗಟ್ಟಿ ಇದ್ದರೂ ಈ ಪ್ರಶ್ನೆಗಳಿಗೆ ಎರಡೂ ಕಡೆ ಒಂದೇ ಉತ್ತರ ಇಲ್ಲದಿದ್ದರೆ ಜಗಳ ಮಾತ್ರ ವೇಗವಾಗಿ ತಲುಪುತ್ತದೆ.

ಪೇಪಿನೆಟ್ಟಿನ ಮೆಸೇಜುಗಳ ಪಟ್ಟಿ ನೋಡಿದರೆ ಈ ವ್ಯಾಪಾರ ಹೇಗೆ ನಡೆಯುತ್ತದೆ ಅನ್ನುವುದೇ ತಿಳಿಯುತ್ತದೆ. ಆರ್ಡರ್, ಒಪ್ಪಿಗೆ, ಇನ್‌ವಾಯ್ಸ್ ಎಲ್ಲ ಕಡೆಯೂ ಇರುವಂಥವು. ಕಾಲ್-ಆಫ್ ಅಂತ ಒಂದಿದೆ. ಮೊದಲೇ ಕಾದಿರಿಸಿದ ಒಟ್ಟು ಮಾಲಿನಲ್ಲಿ ಈ ವಾರ ಇಷ್ಟು ಕಳಿಸಿ ಅನ್ನುವುದು. ಯೂಸೇಜ್ ಅಂತ ಇನ್ನೊಂದು. ರೀಲ್ ಮುದ್ರಕನ ಗೋಡೌನಿನಲ್ಲಿದ್ದರೂ ಮಾಲೀಕತ್ವ ಇನ್ನೂ ಮಿಲ್ಲಿನದೇ ಆಗಿರುವ ಒಪ್ಪಂದಗಳಿವೆ. ಪ್ರೆಸ್ಸಿಗೆ ಏರಿಸುವಾಗ ಬಾರ್‌ಕೋಡ್ ಓದಿ 'ಈ ನಂಬರಿನ ರೀಲ್ ಬಳಸಿದೆವು' ಅಂತ ಮೆಸೇಜ್ ಹೋದ ಮೇಲೆಯೇ ಬಿಲ್. ಹಾಗೆಯೇ ದೂರಿನ ಮೆಸೇಜು. ರೀಲ್ ಓಡುವಾಗ ಹರಿಯಿತು, ಅಂಚಿನಲ್ಲಿ ತೇವ ಜಾಸ್ತಿ ಇತ್ತು ಅಂತ ನಂಬರ್ ಸಮೇತ ಬರುತ್ತದೆ. ಮಿಲ್ಲಿನವರು ಆ ನಂಬರ್ ಹಿಡಿದು ಯಾವ ಜಂಬೋ, ಅದರ ಯಾವ ಪಕ್ಕ, ಆ ಹೊತ್ತಿಗೆ ಸ್ಕ್ಯಾನರ್ ಏನು ತೋರಿಸುತ್ತಿತ್ತು ಅಂತ ಹಿಂದಕ್ಕೆ ಹೋಗಬಹುದು. ಮರ ತೂಗಿದ ಚೀಟಿಗೂ ಅದರಲ್ಲಿ ಜಾಗವಿದೆ. ಮೂರು ಬೇರೆ ದಿಕ್ಕಿನಿಂದ ಬೆಳೆದ ವ್ಯವಸ್ಥೆಗಳು, ಅಂದರೆ ಮೆಷಿನ್‌ನದು, ಆಫೀಸಿನದು, ಗ್ರಾಹಕನದು, ಕೊನೆಗೆ ಬಂದು ಕೂಡಿದ್ದು ಒಂದು ರೀಲ್ ನಂಬರಿನಲ್ಲಿ.

ನಮ್ಮಲ್ಲಿ? ಇಲ್ಲಿ ಕಾಗದ ಹೆಚ್ಚಾಗಿ ಡೀಲರುಗಳ ಮೂಲಕ ಹೋಗುತ್ತದೆ. ಫೋನು, ಎಕ್ಸೆಲ್, ಈಗ ವಾಟ್ಸಾಪ್. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡುವುದನ್ನು ಎಲ್ಲರಿಗೂ ಕಡ್ಡಾಯವಾಗಿ ಕಲಿಸಿದ್ದು ಸರ್ಕಾರದ ತೆರಿಗೆ ಇಲಾಖೆ ಅನ್ನಬಹುದು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್. 2020ರ ಅಕ್ಟೋಬರ್ 1ರಿಂದ 500 ಕೋಟಿಗಿಂತ ಹೆಚ್ಚು ವಹಿವಾಟಿನವರಿಗೆ ಇ-ಇನ್‌ವಾಯ್ಸ್, ಆಮೇಲೆ ಮಿತಿ ಇಳಿಯುತ್ತ ಈಗ 5 ಕೋಟಿ. 2022ರ ಅಕ್ಟೋಬರಿನಿಂದ ಕಾಗದ ಆಮದಿಗೂ ಮೊದಲೇ ಆನ್‌ಲೈನ್ ನೋಂದಣಿ.

ಇ-ಇನ್‌ವಾಯ್ಸಿನಲ್ಲಿ ಒಂದು ಚಂದದ ಜಾಣತನ ಇದೆ. ಪ್ರತಿ ಇನ್‌ವಾಯ್ಸಿಗೆ ಐಆರ್‌ಎನ್ ಎಂಬ 64 ಅಕ್ಷರದ ಗುರುತು ಬರುತ್ತದೆ. ಮಾರುವವರ ಜಿಎಸ್‌ಟಿ ನಂಬರ್, ದಾಖಲೆಯ ಬಗೆ, ದಾಖಲೆ ಸಂಖ್ಯೆ, ಹಣಕಾಸು ವರ್ಷ, ಇವುಗಳಿಂದಲೇ ಅದನ್ನು ಲೆಕ್ಕ ಹಾಕುತ್ತಾರೆ. ಅದೇ ಇನ್‌ವಾಯ್ಸನ್ನು ನೀವು ಮತ್ತೆ ಕಳಿಸಿದರೂ ಗುರುತು ಅದೇ ಬರುತ್ತದೆ, ಪೋರ್ಟಲ್ ಎರಡನೆಯದನ್ನು ಒಪ್ಪುವುದಿಲ್ಲ. ಆ ಮಳೆಯ ರಾತ್ರಿಯ ಮಿಲ್ಲಿನಲ್ಲಿ ಇಲ್ಲದೇ ಹೋದದ್ದು ಇದೇ ಅಲ್ವಾ?

ಆದರೆ ಕ್ಯೂನ ಮಿತಿಯೂ ಇಲ್ಲೇ ಕಾಣುತ್ತದೆ. ರೀಲ್ ನಂಬರನ್ನು ಮಿಲ್ಲೇ ಕೊಟ್ಟುಕೊಳ್ಳಬಹುದು, ಆದ್ದರಿಂದ ಲೇಬಲ್ ಕಾಯುವುದಿಲ್ಲ. ಇ-ವೇ ಬಿಲ್ ನಂಬರ್ ಹೊರಗಿನಿಂದಲೇ ಬರಬೇಕು. ಅದಿಲ್ಲದೆ ಲಾರಿ ಗೇಟು ದಾಟುವಂತಿಲ್ಲ. ಪೋರ್ಟಲ್ ನಿಧಾನವಾದರೆ ಕ್ಯೂ ನಿಮ್ಮ ಮೆಸೇಜನ್ನು ಜೋಪಾನ ಮಾಡುತ್ತದೆ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಲಾರಿ ಮಾತ್ರ ಅಲ್ಲೇ ನಿಂತಿರುತ್ತದೆ. ಉತ್ತರ ಬಾರದೆ ಮುಂದಿನ ಹೆಜ್ಜೆ ಇಡಲಾಗದ ಕೆಲಸಕ್ಕೆ ಕ್ಯೂ ಹಾಕಿ ಪವಾಡ ಕಾಯಬೇಡಿ.

ಈಗ ನಿಮ್ಮ ಕಾಫ್ಕಾ. ಎಂಕ್ಯೂಗೆ ಬದಲು ತೆರೆದ ಮಾನದಂಡ ಬೇಕು ಎಂಬ ಕೂಗು 2003ರಲ್ಲೇ ಜೆಪಿ ಮಾರ್ಗನ್ ಬ್ಯಾಂಕಿನೊಳಗೆ ಜಾನ್ ಓಹಾರಾ ಅವರಿಂದ ಎದ್ದಿತ್ತು. ಅದರಿಂದ ಎಎಂಕ್ಯೂಪಿ ಎಂಬ ಮಾನದಂಡ ಬಂತು, 2007ರಲ್ಲಿ ಅದನ್ನು ಅನುಸರಿಸುವ ರ್ಯಾಬಿಟ್‌ಎಂಕ್ಯೂ. ಕಾಫ್ಕಾದ ಮೂಲ ಬೇರೆ. ಲಿಂಕ್ಡ್‌ಇನ್‌ನಲ್ಲಿ ಜೇ ಕ್ರೆಪ್ಸ್, ಜುನ್ ರಾವ್ ಮತ್ತು ಪುಣೆಯ ನೇಹಾ ನಾರ್ಖೇಡೆ ಅದನ್ನು ಕಟ್ಟಿದರು, 2011ರಲ್ಲಿ ಎಲ್ಲರಿಗೂ ಬಿಟ್ಟರು. ಎಂಕ್ಯೂನಲ್ಲಿ ಓದಿದ ಮೆಸೇಜ್ ಅಳಿಸಿಹೋಗುತ್ತದೆ. ಕಾಫ್ಕಾದಲ್ಲಿ ಅದು ದಿನಚರಿಯ ಹಾಗೆ ಸಾಲಾಗಿ ಉಳಿಯುತ್ತದೆ. ನೀವು ಹೇಳಿದಷ್ಟು ಕಾಲ ಇರುತ್ತದೆ, ಎಷ್ಟು ಜನ ಬೇಕಾದರೂ ಮತ್ತೆ ಓದಬಹುದು.

ಆದ್ದರಿಂದ ನನ್ನ ಅಭಿಪ್ರಾಯ ನೇರ. ಸ್ಕ್ಯಾನರ್ ಅಂಕಿಗಳು, ಮೋಟರಿನ ಕಂಪನ, ಹಾಳೆ ಹರಿದ ಘಟನೆಗಳು, ಇವು ಕಾಫ್ಕಾಗೆ ಹೋಗಲಿ. ದೂರು ತಿಂಗಳು ಬಿಟ್ಟು ಬಂದಾಗ ಹಿಂದಕ್ಕೆ ಹೋಗಿ ನೋಡಲು ಅದು ಒಳ್ಳೆಯದು. 'ಈ ರೀಲ್ ತಯಾರಾಯಿತು', 'ಈ ಜಂಬೋ ಹೀಗೆ ಸೀಳು' ಎಂಬ ಆಜ್ಞೆ ಮತ್ತು ಲೆಕ್ಕದ ಮೆಸೇಜುಗಳು ಎಂಕ್ಯೂನಲ್ಲೇ ಇದ್ದರೆ ನಷ್ಟವೇನಿಲ್ಲ. ಲೈಸೆನ್ಸ್ ದುಡ್ಡು ಉಳಿಸಲೇಬೇಕು ಅಂತ ಮೇಲಿನವರು ಹಟ ಹಿಡಿದರೆ ಕಾಫ್ಕಾಗೂ ತರಬಹುದು. ಹೊಸದು ಅನ್ನುವ ಒಂದೇ ಕಾರಣಕ್ಕೆ ಬೇಡ.

ತರುವುದೇ ಆದರೆ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು ಕ್ರಮ. ಕಾಫ್ಕಾ ಮೆಸೇಜುಗಳನ್ನು ಪಾರ್ಟಿಶನ್ ಎಂಬ ಹಲವು ಸಾಲುಗಳಿಗೆ ಹಂಚುತ್ತದೆ, ಯಾವುದು ಯಾವ ಸಾಲಿಗೆ ಅನ್ನುವುದನ್ನು ಕೀ ನೋಡಿ ತೀರ್ಮಾನಿಸುತ್ತದೆ, ಕ್ರಮ ಕಾಯುವುದು ಒಂದು ಪಾರ್ಟಿಶನ್ನಿನ ಒಳಗೆ ಮಾತ್ರ. ರೀಲ್ ನಂಬರನ್ನು ಕೀ ಮಾಡಿದರೆ ಜಂಬೋದ ಮೆಸೇಜ್ ಒಂದು ಕಡೆ, ಅದರಿಂದ ಹುಟ್ಟಿದ ರೀಲುಗಳ ಮೆಸೇಜ್ ಇನ್ನೊಂದು ಕಡೆ ಬೀಳಬಹುದು. ಜಂಬೋ ಇನ್ನೂ ಗೊತ್ತಿಲ್ಲದಿರುವಾಗ ಅದರ ರೀಲ್ ಬಂದು ಬಾಗಿಲು ತಟ್ಟುತ್ತದೆ. ಜಂಬೋ ನಂಬರನ್ನೇ ಕೀ ಮಾಡಿ. ಎರಡನೆಯದು ಕೆಟ್ಟ ಮೆಸೇಜು. ಓದಲಾಗದ ಮೆಸೇಜನ್ನು ಕೆಲವು ಸಲ ಪ್ರಯತ್ನಿಸಿ ಪಕ್ಕದ ಕ್ಯೂಗೆ ಸರಿಸುವ ಏರ್ಪಾಡಿಗೆ ಎಂಕ್ಯೂನಲ್ಲಿ ಸೆಟ್ಟಿಂಗುಗಳೇ ಇವೆ. ಕಾಫ್ಕಾದಲ್ಲಿ ಬಹುಪಾಲು ನೀವೇ ಬರೆಯಬೇಕು. ಬರೆಯದಿದ್ದರೆ ಒಂದು ಕೆಟ್ಟ ಮೆಸೇಜಿನ ಹಿಂದೆ ಇಡೀ ಸಾಲು ನಿಂತುಬಿಡುತ್ತದೆ. ಬರೆದ ಮೇಲೆ, ಆ ಪಕ್ಕದ ಕ್ಯೂವನ್ನು ದಿನಾ ಬೆಳಿಗ್ಗೆ ಯಾರು ನೋಡಬೇಕು ಅನ್ನುವುದನ್ನು ಹೆಸರು ಹಿಡಿದು ಬರೆಸಿಕೊಳ್ಳಿ. ಐಟಿಯವರು ಮಿಲ್ಲಿನವರ ಕೆಲಸ ಅನ್ನುತ್ತಾರೆ, ಮಿಲ್ಲಿನವರು ಐಟಿಯವರ ಕೆಲಸ ಅನ್ನುತ್ತಾರೆ.

ಬದಲಾಯಿಸುವ ಮೊದಲು ಎರಡನ್ನೂ ಜೊತೆಯಲ್ಲೇ ಓಡಿಸಿ. ಕನಿಷ್ಠ ಒಂದು ತಿಂಗಳ ಕೊನೆಯ ಲೆಕ್ಕ ಮತ್ತು ಕೆಲವು ಗ್ರೇಡ್ (ಕಾಗದದ ಬಗೆ) ಬದಲಾವಣೆಗಳು ದಾಟಲಿ. ರೀಲ್ ನಂಬರ್ ಹಿಡಿದು ಎರಡೂ ಕಡೆಯ ಪಟ್ಟಿ ತಾಳೆ ನೋಡಿ. ಒಮ್ಮೆ ಬೇಕಂತಲೇ ಆಫೀಸಿನ ಲೈನ್ ಕಿತ್ತು, ಒಂದು ಪಾಳಿ ಹಾಗೇ ಬಿಟ್ಟು ನೋಡಿ. ಲೇಬಲ್ ನಿಲ್ಲದೆ ಬರುತ್ತಿದ್ದರೆ, ಲೈನ್ ಬಂದ ಮೇಲೆ ಎರಡೂ ಕಡೆಯ ತೂಕ ಕೂಡಿದರೆ, ಮಿಲ್ಲಿನ ವಾರ್ಷಿಕ ಶಟ್‌ಡೌನ್ ಯಾವಾಗ ಅಂತ ಕೇಳಿ ಆ ದಿನಗಳಲ್ಲಿ ಹಳೆಯದನ್ನು ಆರಿಸಿ.